3.6 ಸೆಂ.ಮೀ. ಕಿಡ್ನಿ ಗಡ್ಡೆ: ಪೂರ್ತಿ ಕಿಡ್ನಿ ತೆಗೆಸಬೇಕೇ, ಬಯಾಪ್ಸಿ ಬೇಕೇ, ಆಮೇಲೇನು?

ನೀಲಿಬಾನು:

ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಮಾಡಿಸಿದ ಅಲ್ಟ್ರಾಸೌಂಡಿನಲ್ಲಿ ನಮ್ಮ ಅಣ್ಣನ ಬಲ ಕಿಡ್ನಿಯಲ್ಲಿ ಗಡ್ಡೆ ಕಂಡಿದೆ. ವಯಸ್ಸು 57. ಆಮೇಲೆ ಮಾಡಿಸಿದ ಕಾಂಟ್ರಾಸ್ಟ್ ಸಿಟಿ ವರದಿ ಹೀಗಿದೆ: ಬಲ ಕಿಡ್ನಿಯ ಕೆಳತುದಿಯಲ್ಲಿ 3.6 ಸೆಂ.ಮೀ. ಘನ ಗಡ್ಡೆ, ಅರ್ಧಕ್ಕಿಂತ ಹೆಚ್ಚು ಭಾಗ ಹೊರಕ್ಕೆ ಉಬ್ಬಿದೆ. ಡೈ ಕೊಡುವ ಮೊದಲು 32 ಎಚ್‌ಯು, ಕೊಟ್ಟ ಮೇಲೆ 118. ಕೊಬ್ಬಿನಂಶ ಕಂಡಿಲ್ಲ. ಕಿಡ್ನಿಯ ರಕ್ತನಾಳದೊಳಗೆ ಏನೂ ಇಲ್ಲ, ಎಡ ಕಿಡ್ನಿ ಚೆನ್ನಾಗಿದೆ, ಎದೆಯ ಸಿಟಿಯೂ ಸ್ವಚ್ಛ. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) 1.2. ಬಿಪಿ ಮಾತ್ರೆ 9 ವರ್ಷದಿಂದ ಇದೆ. ತೂಕ 88 ಕೆ.ಜಿ., ಎತ್ತರ 168 ಸೆಂ.ಮೀ. ದಿನಕ್ಕೆ ಹತ್ತು ಸಿಗರೇಟು. ನೋವಿಲ್ಲ, ಮೂತ್ರದಲ್ಲಿ ರಕ್ತ ಇಲ್ಲ.

ಒಬ್ಬ ಡಾಕ್ಟರು ಗಡ್ಡೆಯಷ್ಟೇ ತೆಗೆಯೋಣ ಎನ್ನುತ್ತಾರೆ. ಇನ್ನೊಬ್ಬರು ಇಡೀ ಕಿಡ್ನಿ ತೆಗೆದರೆ ಚಿಂತೆ ಇರುವುದಿಲ್ಲ ಎನ್ನುತ್ತಾರೆ. ಬಯಾಪ್ಸಿ ಮಾಡಿಸದೆ ಆಪರೇಷನ್ನಿಗೆ ಹೋಗಬಹುದೇ? ಒಂದು ತಿಂಗಳು ತಡವಾದರೆ ಹರಡುತ್ತದೆಯೇ? ಕೀಮೋ ಬೇಕಾಗುತ್ತದೆಯೇ? ನಾನೂ ತಮ್ಮನೂ ಇದನ್ನು ತಡೆಯಲು ಏನು ಮಾಡಬೇಕು?

ಕ್ಷಕಿರಣ:

ಮೊದಲು ವರದಿಯ ಅಂಕಿಗಳನ್ನು ನೋಡೋಣ. ಎಚ್‌ಯು ಎಂದರೆ ಸಿಟಿಯಲ್ಲಿ ಸಾಂದ್ರತೆಯ ಅಳತೆ. ನೀರು 0, ಕೊಬ್ಬು ಸೊನ್ನೆಗಿಂತ ಕೆಳಗೆ. ಡೈ ಕೊಟ್ಟ ಮೇಲೆ ಗಡ್ಡೆಯ ಅಂಕಿ 20ಕ್ಕಿಂತ ಹೆಚ್ಚು ಏರಿದರೆ ಅದಕ್ಕೆ ರಕ್ತ ಹರಿಯುತ್ತಿದೆ, ಬರೀ ನೀರುಗುಳ್ಳೆ ಅಲ್ಲ ಎಂದರ್ಥ. ಇಲ್ಲಿ 86 ಏರಿದೆ. ಇಷ್ಟು ರಕ್ತ ಹೀರುವ ಗಡ್ಡೆ ಬಹುಮಟ್ಟಿಗೆ ಕ್ಲಿಯರ್ ಸೆಲ್ ಜಾತಿಯದು. ಕಿಡ್ನಿ ಕ್ಯಾನ್ಸರಿನಲ್ಲಿ ಹತ್ತಕ್ಕೆ ಏಳು ಅದೇ. ಆದರೆ ಆಂಕೊಸೈಟೋಮಾ ಎಂಬ ನಿರಪಾಯದ ಗಡ್ಡೆಯೂ ಸಿಟಿಯಲ್ಲಿ ಇದೇ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. 4 ಸೆಂ.ಮೀ. ಒಳಗಿನ ಗಡ್ಡೆಗಳನ್ನು ತೆಗೆದು ನೋಡಿದಾಗ ಐದರಲ್ಲಿ ಒಂದು ಕ್ಯಾನ್ಸರೇ ಆಗಿರುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ತೀರ್ಮಾನ ಮಾಡಿ.

ಒಂದು ಪ್ರಶ್ನೆ ಕೇಳಿ: ಎರಡೂ ಅಂಕಿಗಳನ್ನು ಗಡ್ಡೆಯ ಒಂದೇ ಜಾಗದಲ್ಲಿ ಅಳೆದಿದ್ದಾರೆಯೇ? ಡೈ ಇಲ್ಲದ ಚಿತ್ರ, ಅಪಧಮನಿ ಹಂತ, ಸುಮಾರು 100 ಸೆಕೆಂಡಿನ ಹೊತ್ತಿಗೆ ಡೈ ಇಡೀ ಕಿಡ್ನಿಗೆ ಹರಡಿದಾಗ ತೆಗೆಯುವ ನೆಫ್ರೋಗ್ರಾಫಿಕ್ ಹಂತ, ಕನಿಷ್ಠ ಈ ಮೂರಾದರೂ ಇರಬೇಕು. ಡೈ ಇಲ್ಲದ ಹಂತವನ್ನು ಬಿಟ್ಟು ಸ್ಕ್ಯಾನ್ ಮಾಡಿದ್ದರೆ ಎಷ್ಟು ಏರಿತು ಎಂದು ಹೇಳಲು ಆಧಾರವೇ ಇರುವುದಿಲ್ಲ. ಚಿಕ್ಕ ಗಡ್ಡೆಗಳಲ್ಲಿ ತೆಳುವಾದ ಹೋಳುಗಳೂ ಬೇಕು. ದಪ್ಪ ಹೋಳಿನಲ್ಲಿ ಪಕ್ಕದ ಅಂಗಾಂಶ ಬೆರೆತು ಸ್ವಲ್ಪವೇ ಇರುವ ಕೊಬ್ಬು ಮುಚ್ಚಿಹೋಗುತ್ತದೆ, ಕೊಬ್ಬಿರುವ ನಿರಪಾಯದ ಆಂಜಿಯೋಮಯೊಲೈಪೋಮಾವನ್ನು ಕ್ಯಾನ್ಸರ್ ಎಂದುಕೊಳ್ಳುವ ತಪ್ಪಾಗುತ್ತದೆ.

ಪೆಟ್ ಸ್ಕ್ಯಾನ್ ಮಾಡಿಸಲು ಆತುರಪಡಬೇಡಿ. ಅದಕ್ಕೆ ಬಳಸುವ ಸಕ್ಕರೆ ದ್ರವ ಕಿಡ್ನಿಯ ಮೂಲಕವೇ ಹೊರಹೋಗುವುದರಿಂದ ಇಡೀ ಕಿಡ್ನಿ ಹೊಳೆಯುತ್ತದೆ. ಮೇಲಾಗಿ ಈ ಕ್ಯಾನ್ಸರ್ ಸಕ್ಕರೆಯನ್ನು ಒಮ್ಮೆ ಹೀರುತ್ತದೆ, ಒಮ್ಮೆ ಹೀರುವುದಿಲ್ಲ. ಹೊಟ್ಟೆ ಮತ್ತು ಎದೆಯ ಸಿಟಿ ಸಾಕು. ಮೂಳೆನೋವು ಇದ್ದರೆ ಮಾತ್ರ ಮೂಳೆ ಸ್ಕ್ಯಾನ್, ತಲೆನೋವು, ಫಿಟ್ಸ್ ಇತ್ಯಾದಿ ಇದ್ದರೆ ಮಾತ್ರ ಮೆದುಳಿನ ಎಂಆರ್‌ಐ.

ಮೂತ್ರ ಪರೀಕ್ಷೆ ಸ್ವಚ್ಛ, ಕ್ರಿಯಾಟಿನಿನ್ ಸರಿಯಾಗಿದೆ ಎಂದು ಯಾರೂ ಸಮಾಧಾನ ಪಡುವಂತಿಲ್ಲ. ರಕ್ತಮೂತ್ರ, ಪಕ್ಕೆನೋವು, ಕೈಗೆ ಸಿಗುವ ಗಡ್ಡೆ ಎಂಬ ಹಳೆಯ ಮೂರು ಲಕ್ಷಣಗಳು ಒಟ್ಟಿಗೆ ಕಾಣುವುದು ಈಗ ಹತ್ತರಲ್ಲಿ ಒಬ್ಬರಿಗೂ ಇಲ್ಲ. ಬಹುಪಾಲು ಗಡ್ಡೆಗಳು ನಿಮ್ಮ ಅಣ್ಣನಿಗೆ ಸಿಕ್ಕ ಹಾಗೆ, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲೇ ಸಿಗುತ್ತವೆ.

ಕತ್ತರಿ-ಸೂಜಿ:

4 ಸೆಂ.ಮೀ. ವರೆಗಿನ, ಕಿಡ್ನಿಯೊಳಗೇ ಇರುವ ಗಡ್ಡೆಯನ್ನು ಟಿ1ಎ ಎನ್ನುತ್ತಾರೆ. ಇದಕ್ಕೆ ಗಡ್ಡೆಯನ್ನಷ್ಟೇ ತೆಗೆಯುವುದೇ ಮೊದಲ ಆಯ್ಕೆ, ಅದರಲ್ಲೂ ಅದು ತುದಿಯಲ್ಲಿ ಕೂತು ಹೊರಕ್ಕೆ ಉಬ್ಬಿರುವಾಗ. ಕ್ಯಾನ್ಸರ್ ಹತೋಟಿಯಲ್ಲಿ ಎರಡು ಆಪರೇಷನ್ನಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಉಳಿಯುವ ಕಿಡ್ನಿಯಲ್ಲಿ. 57ರ ವಯಸ್ಸಿನಲ್ಲಿ ಕ್ರಿಯಾಟಿನಿನ್ 1.2 ಎಂದರೆ ಶೋಧಿಸುವ ಶಕ್ತಿ, ಅಂದರೆ ಇಜಿಎಫ್‌ಆರ್, ಸುಮಾರು 70. ಜೊತೆಗೆ ಬಿಪಿ ಇದೆ, ತೂಕವಿದೆ. ಇಡೀ ಕಿಡ್ನಿ ತೆಗೆದರೆ ಅದು 60ರ ಕೆಳಗಿಳಿಯುವುದು ಬಹುತೇಕ ಖಚಿತ. "ಚಿಂತೆ ಇರುವುದಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಡ್ಡೆಯ ಚಿಂತೆ ಕಳೆದು ಕಿಡ್ನಿ ವೈಫಲ್ಯದ ಚಿಂತೆ ಶುರುವಾಗುತ್ತದೆ.

ಇನ್ನು ಇಡೀ ಕಿಡ್ನಿ ತೆಗೆಯಬೇಕಾದ ಸಂದರ್ಭಗಳೂ ಇವೆ: 7 ಸೆಂ.ಮೀ. ದಾಟಿದ್ದು, ನಡುಭಾಗದಲ್ಲಿ ದೊಡ್ಡ ರಕ್ತನಾಳಗಳನ್ನು ತಬ್ಬಿಕೊಂಡದ್ದು, ಅಭಿಧಮನಿಯೊಳಗೆ ಬೆಳೆದದ್ದು. ಆಗಲೂ ಅಡ್ರಿನಲ್ ಗ್ರಂಥಿಯನ್ನೂ ದುಗ್ಧಗ್ರಂಥಿಗಳನ್ನೂ ಎಲ್ಲರಿಗೂ ತೆಗೆಯುವ ಪದ್ಧತಿ ಈಗಿಲ್ಲ, ಸ್ಕ್ಯಾನಿನಲ್ಲಿ ಸಂಶಯವಿದ್ದರೆ ಮಾತ್ರ.

ಗಡ್ಡೆಯಷ್ಟೇ ತೆಗೆಯುವ ಆಪರೇಷನ್ ಹೇಗೆ ನಡೆಯುತ್ತದೆ ಎಂದು ತಿಳಿದಿದ್ದರೆ ಸರಿಯಾದ ಪ್ರಶ್ನೆ ಕೇಳಲು ಅನುಕೂಲ. ಮೊದಲು ಕಿಡ್ನಿಯ ಅಪಧಮನಿಯನ್ನು ಬಿಡಿಸಿ ಸುತ್ತ ದಾರ ಹಾಕುತ್ತೇವೆ. ಸುತ್ತಲಿನ ಕೊಬ್ಬನ್ನು ಸರಿಸಿದರೂ ಗಡ್ಡೆಯ ನೆತ್ತಿಯ ಮೇಲಿನ ಕೊಬ್ಬನ್ನು ಹಾಗೇ ಬಿಡುತ್ತೇವೆ. ಕ್ಯಾನ್ಸರ್ ಕೊಬ್ಬಿಗೆ ದಾಟಿದೆಯೇ ಎಂದು ಪೆಥಾಲಜಿಯವರು ಹೇಳಬೇಕಾದರೆ ಆ ಟೋಪಿ ಗಡ್ಡೆಯ ಜೊತೆಯಲ್ಲೇ ಬರಬೇಕು. ಆಮೇಲೆ ಕಿಡ್ನಿಯ ಮೇಲೆಯೇ ಚಿಕ್ಕ ಅಲ್ಟ್ರಾಸೌಂಡ್ ಇಟ್ಟು ಅಂಚು ಗುರುತಿಸಿ, ಅಪಧಮನಿಗೆ ಕ್ಲಿಪ್ಪು ಹಾಕುತ್ತೇವೆ. ಅಲ್ಲಿಂದ ಗಡಿಯಾರ ಓಡತೊಡಗುತ್ತದೆ. ಕಿಡ್ನಿಗೆ ರಕ್ತವಿಲ್ಲದ ಹೊತ್ತು 25 ನಿಮಿಷ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಬಿಸಿ ತಾಗಿಸದೆ ತಣ್ಣನೆಯ ಕತ್ತರಿಯಲ್ಲೇ ಕತ್ತರಿಸುತ್ತೇವೆ, ಏಕೆಂದರೆ ಸುಟ್ಟರೆ ಎಲ್ಲವೂ ಕಪ್ಪಾಗಿ ಗಡ್ಡೆ ಎಲ್ಲಿ, ಕಿಡ್ನಿ ಎಲ್ಲಿ ಎಂದು ತಿಳಿಯುವುದಿಲ್ಲ. ಕ್ಲಿಯರ್ ಸೆಲ್ ಗಡ್ಡೆ ಒಳಗಿನ ಕೊಬ್ಬಿನಿಂದಾಗಿ ಹೊಂಬಣ್ಣದಲ್ಲಿರುತ್ತದೆ, ಕಿಡ್ನಿ ಕೆಂಗಂದು. ಕತ್ತರಿಸುತ್ತಿರುವ ತಳದಲ್ಲಿ ಹಳದಿ ಇಣುಕಿದರೆ ಇನ್ನಷ್ಟು ಆಳಕ್ಕೆ ಹೋಗಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎರಡು ಪದರ ಹೊಲಿಗೆ: ಒಳಪದರ ರಕ್ತನಾಳಗಳಿಗೂ ಮೂತ್ರ ಸೇರುವ ಪೊಳ್ಳಿಗೂ, ಹೊರಪದರ ಕಿಡ್ನಿಯ ಅಂಚುಗಳನ್ನು ಕೂಡಿಸಲು. ಒಳಪದರ ಮುಗಿದ ಕೂಡಲೇ ಕ್ಲಿಪ್ಪು ಬಿಟ್ಟರೆ ಕೆಲವು ನಿಮಿಷ ಉಳಿಯುತ್ತವೆ.

ನಿಮ್ಮ ಸರ್ಜನ್ ಬಳಿ ಎರಡು ಪ್ರಶ್ನೆ ಕೇಳಿ. ರಕ್ತ ನಿಲ್ಲಿಸುವ ಸಮಯ ಅಂದಾಜು ಎಷ್ಟು? ಗಡ್ಡೆಯಷ್ಟೇ ತೆಗೆಯಲು ಹೊರಟು ಇಡೀ ಕಿಡ್ನಿ ತೆಗೆಯಬೇಕಾಗಿ ಬರುವುದು ಎಷ್ಟು ಸಲ? ರೋಬೋಟೋ, ಲ್ಯಾಪ್ರೋಸ್ಕೋಪಿಯೋ, ತೆರೆದ ಆಪರೇಷನ್ನೋ ಎಂಬುದಕ್ಕಿಂತ ಈ ಉತ್ತರಗಳು ಮುಖ್ಯ.

ತಡದ ಬಗ್ಗೆ: ಈ ಗಾತ್ರದ ಗಡ್ಡೆ ಸರಾಸರಿ ವರ್ಷಕ್ಕೆ 3 ಮಿ.ಮೀ. ಆಸುಪಾಸಿನಲ್ಲಿ ಬೆಳೆಯುತ್ತದೆ. ಒಂದೆರಡು ತಿಂಗಳಿನಿಂದ ಹಾನಿಯಿಲ್ಲ. ಆ ಸಮಯವನ್ನು ಸಿಗರೇಟು ಬಿಡಿಸಲು ಬಳಸಿ. ಆಪರೇಷನ್ನಿಗೆ ಕನಿಷ್ಠ 4 ವಾರ ಮೊದಲೇ ಬಿಟ್ಟರೆ ಕಫ ಕಟ್ಟುವುದು, ಗಾಯ ಮಾಯದಿರುವುದು ಎರಡೂ ಕಡಿಮೆಯಾಗುತ್ತವೆ.

ಬಯಾಪ್ಸಿ ನನ್ನ ಪ್ರಕಾರ ಇಲ್ಲಿ ಬೇಕಿಲ್ಲ. ಆರೋಗ್ಯವಂತರು, ಸುಲಭದ ಜಾಗ, ಫಲಿತಾಂಶ ಏನೇ ಬಂದರೂ ತೆಗೆಯುವುದೇ.

ಬೆಳ್ಳಂಬೆಳಗು:

ಕತ್ತರಿ-ಸೂಜಿ ಅವರ ಕೊನೆಯ ಮಾತಿಗೆ ನನ್ನ ತಕರಾರಿದೆ. ಐದರಲ್ಲಿ ಒಂದು ನಿರಪಾಯ ಎಂದಾದರೆ, ಐವರಲ್ಲಿ ಒಬ್ಬರು ಬೇಡದ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಗೆ ಈಗ ಆಧಾರ ತೀರಾ ಕಡಿಮೆ. ಹೊರಗೊಂದು ಕೊಳವೆ ಇಟ್ಟು ಅದರೊಳಗಿಂದ 18 ಗೇಜಿನ ಸೂಜಿ ಹಾಯಿಸಿ ಎರಡು ಮೂರು ಎಳೆ ತೆಗೆಯುತ್ತಾರೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಮೊಳೆತದ್ದು ಅತಿ ಅಪರೂಪ. ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ನಿರಪಾಯ ಎಂದು ಬಂದರೆ ಅಣ್ಣ ಆಪರೇಷನ್ ಬಿಟ್ಟು ಸ್ಕ್ಯಾನ್ ಮಾಡಿಸುತ್ತಾ ಇರಲು ಸಿದ್ಧರೇ? ಹೌದಾದರೆ ಬಯಾಪ್ಸಿ ಮಾಡಿಸಿ. ಇಲ್ಲವಾದರೆ ಕತ್ತರಿ-ಸೂಜಿ ಹೇಳಿದ್ದೇ ಸರಿ. ಏಳರಲ್ಲಿ ಒಂದರಂತೆ ಬಯಾಪ್ಸಿಯಲ್ಲಿ ಏನೂ ತೀರ್ಮಾನ ಸಿಗುವುದಿಲ್ಲ, ಆಂಕೊಸೈಟೋಮಾ ಮತ್ತು ಕ್ರೋಮೋಫೋಬ್ ಎಂಬ ಇನ್ನೊಂದು ಜಾತಿಯ ಕಿಡ್ನಿ ಕ್ಯಾನ್ಸರ್ ಒಂದನ್ನೊಂದು ಹೋಲುವುದರಿಂದಲೂ ಗೊಂದಲವಾಗುತ್ತದೆ. ಇದನ್ನು ಮೊದಲೇ ತಿಳಿದಿರಿ.

ವಯಸ್ಸಾದವರಿಗೆ, ಹೃದಯ ದುರ್ಬಲವಿರುವವರಿಗೆ ಬೇರೆ ದಾರಿಗಳಿವೆ. 3 ಸೆಂ.ಮೀ. ಒಳಗಿದ್ದರೆ ಸೂಜಿಯಿಂದಲೇ ಹೆಪ್ಪುಗಟ್ಟಿಸಿ ಅಥವಾ ಸುಟ್ಟು ಕೊಲ್ಲಬಹುದು. ಇದಕ್ಕೆ ಮಾತ್ರ ಬಯಾಪ್ಸಿ ಕಡ್ಡಾಯ, ಏಕೆಂದರೆ ಆಮೇಲೆ ಪರೀಕ್ಷಿಸಲು ಅಂಗಾಂಶವೇ ಉಳಿಯುವುದಿಲ್ಲ. ಇನ್ನೊಂದು ದಾರಿ ಕಾದು ನೋಡುವುದು: ಮೊದಲು 3ರಿಂದ 6 ತಿಂಗಳಿಗೊಮ್ಮೆ ಸ್ಕ್ಯಾನ್, ವರ್ಷಕ್ಕೆ 5 ಮಿ.ಮೀ. ಮೀರಿ ಬೆಳೆದರೆ ಅಥವಾ 4 ಸೆಂ.ಮೀ. ದಾಟಿದರೆ ಚಿಕಿತ್ಸೆ. 57 ವಯಸ್ಸಿನ, 3.6 ಸೆಂ.ಮೀ. ಗಡ್ಡೆಗೆ, ಅದು ಕ್ಯಾನ್ಸರೇ ಎಂದಾದರೆ, ಇವೆರಡನ್ನೂ ನಾನು ಹೇಳುವುದಿಲ್ಲ.

ಕೀಮೋ ಬೇಕಾಗುವುದಿಲ್ಲ. ಈ ಕ್ಯಾನ್ಸರ್ ಹುಟ್ಟುವ ನಾಳಗಳ ಜೀವಕೋಶಗಳ ಕೆಲಸವೇ ವಿಷವನ್ನು ಹೊರಹಾಕುವುದು. ಅದೇ ಪಂಪುಗಳು ಕೀಮೋ ಔಷಧಿಯನ್ನೂ ಹೊರದಬ್ಬುತ್ತವೆ. ಬೇರೆಡೆ ಹರಡಿದಾಗ ಕೆಲಸಕ್ಕೆ ಬರುವುದು ಎರಡು ಬಗೆಯ ಔಷಧಿಗಳು. ಕ್ಲಿಯರ್ ಸೆಲ್ ಜಾತಿಯಲ್ಲಿ 3ನೇ ವರ್ಣತಂತುವಿನ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ. ಆಗ ಆಮ್ಲಜನಕ ಸಾಕಷ್ಟಿದ್ದರೂ ಜೀವಕೋಶ ತನಗೆ ಉಸಿರು ಕಟ್ಟಿದೆ ಎಂದು ಭಾವಿಸಿ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಜೀವಕೋಶ ಆಮ್ಲಜನಕವನ್ನು ಅರಿಯುವ ಈ ಬಗೆಯನ್ನು ಬಿಡಿಸಿದ್ದಕ್ಕೇ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂದದ್ದು. ಸುನಿಟಿನಿಬ್, ಪಜೋಪನಿಬ್, ಆಕ್ಸಿಟಿನಿಬ್, ಕ್ಯಾಬೋಜಾಂಟಿನಿಬ್ ಮಾತ್ರೆಗಳು ಆ ಕರೆಯನ್ನು ತಡೆಯುತ್ತವೆ. ಇನ್ನೊಂದು ಬಗೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ನಿವೊಲುಮಾಬ್, ಪೆಂಬ್ರೊಲಿಝುಮಾಬ್‌ನಂಥ ಇಮ್ಯುನೊಥೆರಪಿ. ಈಗ ಎರಡು ಇಮ್ಯುನೊಥೆರಪಿ ಸೇರಿಸಿ, ಅಥವಾ ಒಂದು ಇಮ್ಯುನೊಥೆರಪಿಗೆ ಒಂದು ಮಾತ್ರೆ ಸೇರಿಸಿ ಶುರು ಮಾಡುವುದೇ ಸಾಮಾನ್ಯ.

ನೀಲಿಬಾನು:

ತುಂಬಾ ಉಪಕಾರವಾಯಿತು. ಗಡ್ಡೆಯಷ್ಟೇ ತೆಗೆಸುವುದೆಂದು ತೀರ್ಮಾನಿಸಿದ್ದೇವೆ. ಪೆಥಾಲಜಿ ವರದಿಯಲ್ಲಿ ಏನು ನೋಡಬೇಕು? ಆಪರೇಷನ್ ಆದ ಮೇಲೂ ಇಮ್ಯುನೊಥೆರಪಿ ಕೊಡುತ್ತಾರೆಂದು ಯಾರೋ ಹೇಳಿದರು.

ಬೆಳ್ಳಂಬೆಳಗು:

ವರದಿಯಲ್ಲಿ ಜಾತಿ, ಗ್ರೇಡ್ (ಜೀವಕೋಶ ಎಷ್ಟು ಕೆಟ್ಟಿದೆ ಎಂಬ ಅಳತೆ, 1ರಿಂದ 4, ಕ್ರೋಮೋಫೋಬ್‌ಗೆ ಗ್ರೇಡ್ ಕೊಡುವುದಿಲ್ಲ), ಸಾರ್ಕೋಮಟಾಯ್ಡ್ (ತೀರಾ ಉಗ್ರ ಸ್ವಭಾವದ) ಭಾಗ ಇದೆಯೇ, ಕೊಳೆತ ಭಾಗ ಇದೆಯೇ, ಅಂಚು ಸ್ವಚ್ಛವೇ, ಕೊಬ್ಬಿಗೆ ಅಥವಾ ರಕ್ತನಾಳಕ್ಕೆ ದಾಟಿದೆಯೇ, ಇಷ್ಟು ಇರಲೇಬೇಕು. ಗಡ್ಡೆಯ ಜೊತೆ ಬಂದ ಒಳ್ಳೆಯ ಕಿಡ್ನಿ ಭಾಗ ಹೇಗಿದೆ ಎಂದೂ ಬರೆಯಲು ಕೇಳಿ. ಬಿಪಿಯಿಂದಲೋ ಸಕ್ಕರೆಯಿಂದಲೋ ಆದ ಹಾನಿ ಅಲ್ಲೇ ಕಾಣುತ್ತದೆ, ಆದರೆ ಎಲ್ಲರ ಕಣ್ಣೂ ಗಡ್ಡೆಯ ಮೇಲಿರುವುದರಿಂದ ಅದು ವರದಿಯಲ್ಲಿ ಬಿಟ್ಟುಹೋಗುವುದು ಹೆಚ್ಚು.

ಟಿ1ಎ ಆಗಿ ಉಳಿದರೆ ಔಷಧಿ ಯಾವುದೂ ಬೇಡ. ಮೊದಲ ವರ್ಷದೊಳಗೆ ಒಂದು ಸ್ಕ್ಯಾನ್, ಆಮೇಲೆ ವರ್ಷಕ್ಕೊಮ್ಮೆ ಹೊಟ್ಟೆ ಮತ್ತು ಎದೆ ನೋಡಿಸಿ, ಕನಿಷ್ಠ 5 ವರ್ಷ. ಹತ್ತು ವರ್ಷ ಕಳೆದು ಮರಳುವ ಸ್ವಭಾವವೂ ಈ ಕಾಯಿಲೆಗಿದೆ. ಆದ್ದರಿಂದ ಎಷ್ಟೋ ವರ್ಷದ ಮೇಲೆ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದರೂ ಹಳೆಯ ವಿಷಯ ತಿಳಿಸಿ.

ಆಪರೇಷನ್ನಿನ ನಂತರದ ಪೆಂಬ್ರೊಲಿಝುಮಾಬ್ ಕ್ಲಿಯರ್ ಸೆಲ್ ಜಾತಿಯಲ್ಲಿ ಹೆಚ್ಚು ಅಪಾಯವಿರುವವರಿಗೆ: ಕೊಬ್ಬಿಗೆ ಅಥವಾ ಅಭಿಧಮನಿಗೆ ದಾಟಿದ್ದು, ದುಗ್ಧಗ್ರಂಥಿಗೆ ಹೋದದ್ದು, 7 ಸೆಂ.ಮೀ. ಮೀರಿ ಗ್ರೇಡ್ 4 ಅಥವಾ ಸಾರ್ಕೋಮಟಾಯ್ಡ್ ಇರುವುದು. 3 ವಾರಕ್ಕೊಮ್ಮೆ 200 ಮಿ.ಗ್ರಾಂ., ಒಟ್ಟು 17 ಬಾರಿ, ಸುಮಾರು ಒಂದು ವರ್ಷ. ಆಪರೇಷನ್ ಆಗಿ 12 ವಾರದೊಳಗೆ ಶುರುವಾಗಬೇಕು. ಕೀನೋಟ್-564 ಪ್ರಯೋಗದಲ್ಲಿ 4 ವರ್ಷದ ಹೊತ್ತಿಗೆ ಔಷಧಿ ಪಡೆದವರಲ್ಲಿ 91.2%, ಪಡೆಯದವರಲ್ಲಿ 86% ಬದುಕಿದ್ದರು. ಈ ವ್ಯತ್ಯಾಸ ನಿಜ, ಆದರೆ ಔಷಧಿ ಪಡೆಯದವರಲ್ಲೂ ಬಹುತೇಕರು ಬದುಕಿದ್ದರು ಎಂಬುದನ್ನೂ ಗಮನಿಸಿ. ಅಡ್ಡಪರಿಣಾಮ ಜೀವನಪೂರ್ತಿ ಉಳಿಯಬಹುದು, ಹಾಗಾಗಿ ಎದುರು ಕೂತು ಮಾತಾಡಿಯೇ ನಿರ್ಧರಿಸಬೇಕು.

ವಾರ್ಡ್ ನಂಬರ್ ಆರು:

ಔಷಧಿ ನಡೆಯುತ್ತಿರುವವರೂ ಈ ಚರ್ಚೆ ಓದುತ್ತಿರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ.

ಇಮ್ಯುನೊಥೆರಪಿಯಲ್ಲಿ ಕೆಟ್ಟದ್ದಾಗುವುದು ಹೆಚ್ಚಾಗಿ ತಡವಾಗಿ ಹೇಳಿದ್ದರಿಂದ. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿ, ಹೊಸದಾಗಿ ಒಣಕೆಮ್ಮು ಅಥವಾ ಏದುಸಿರು, ಕಡುಬಣ್ಣದ ಮೂತ್ರ, ಎದೆನೋವು, ಎದ್ದು ಕೂರಲಾಗದ ಸುಸ್ತು. ಇವುಗಳಲ್ಲಿ ಯಾವುದೇ ಬಂದರೂ ಅದೇ ದಿನ ಫೋನ್ ಮಾಡಿ. ಭೇದಿ ನಿಲ್ಲಿಸುವ ಲೋಪೆರಮೈಡ್ ನುಂಗಿ ಮನೆಯಲ್ಲೇ ಕೂರುವುದು ದೊಡ್ಡ ತಪ್ಪು. ಭೇದಿ ನಿಂತಂತೆ ಕಂಡರೂ ಒಳಗೆ ಕರುಳಿನ ಉರಿಯೂತ ನಡೆಯುತ್ತಲೇ ಇರುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಅದನ್ನು 4ರಿಂದ 6 ವಾರದಲ್ಲಿ ನಿಧಾನಕ್ಕೆ ಇಳಿಸುತ್ತಾರೆ. ಮೂರನೇ ದಿನ ಆರಾಮಾಯಿತು ಎಂದು ನೀವೇ ನಿಲ್ಲಿಸಿದರೆ ಉರಿಯೂತ ದುಪ್ಪಟ್ಟಾಗಿ ಮರಳುತ್ತದೆ. ಕೊನೆಯ ಡೋಸ್ ಆಗಿ ತಿಂಗಳುಗಳ ಮೇಲೂ ಇವೆಲ್ಲ ಬರಬಹುದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಇಮ್ಯುನೊಥೆರಪಿ ಆಗಿದೆ ಎಂದು ಮೊದಲೇ ಹೇಳಿ.

ಸುನಿಟಿನಿಬ್, ಕ್ಯಾಬೋಜಾಂಟಿನಿಬ್ ಮುಂತಾದ ಕ್ಯಾನ್ಸರ್ ಮಾತ್ರೆ ತೆಗೆದುಕೊಳ್ಳುವವರು ಬೆಳಿಗ್ಗೆ ಸಂಜೆ ಬಿಪಿ ಬರೆದಿಡಿ. 150/100 ದಾಟಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಅಂಗೈ ಅಂಗಾಲು ಕೆಂಪಾಗಿ, ಚರ್ಮ ದಪ್ಪಗಟ್ಟಿ, ಹಿಮ್ಮಡಿಯ ಅಂಚಿನಲ್ಲಿ ಬಿರುಕು ಬಿಡುವುದು ಸಾಮಾನ್ಯವಾಗಿ ಮೊದಲ ಎರಡು ತಿಂಗಳಲ್ಲಿ. ಶುರುವಿನ ದಿನದಿಂದಲೇ 10% ಯೂರಿಯಾ ಕ್ರೀಮನ್ನು ದಿನಕ್ಕೆರಡು ಸಲ ಹಚ್ಚಿ, ಮೆತ್ತನೆಯ ಪಾದರಕ್ಷೆ ಹಾಕಿ. ಗುಳ್ಳೆ ಎದ್ದಮೇಲೆ ಹಚ್ಚಿದರೆ ಉಪಯೋಗ ಅರ್ಧ. ಥೈರಾಯ್ಡ್ ಪರೀಕ್ಷೆ 4ರಿಂದ 6 ವಾರಕ್ಕೊಮ್ಮೆ ಮಾಡಿಸಿ, ಸುಸ್ತಿಗೆ ಕ್ಯಾನ್ಸರೇ ಕಾರಣ ಎಂದುಕೊಂಡು ಥೈರಾಯ್ಡ್ ಕೊರತೆಯನ್ನು ಹಾಗೇ ಬಿಡುವುದುಂಟು. ಕ್ಯಾಬೋಜಾಂಟಿನಿಬ್ ಖಾಲಿ ಹೊಟ್ಟೆಗೆ: ಊಟವಾಗಿ 2 ಗಂಟೆ ಬಿಟ್ಟು, ನುಂಗಿದ ಮೇಲೆ 1 ಗಂಟೆ ಏನೂ ತಿನ್ನದೆ. ಹಲ್ಲು ಕೀಳಿಸುವುದಿದ್ದರೆ, ಯಾವುದೇ ಆಪರೇಷನ್ ಇದ್ದರೆ ಡಾಕ್ಟರಿಗೆ ಹೇಳಿ ಅದನ್ನು ಕನಿಷ್ಠ 3 ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಗಾಯ ಕೂಡುವುದಿಲ್ಲ.

ಪೆಂಬ್ರೊಲಿಝುಮಾಬ್ ಜೊತೆ ಆಕ್ಸಿಟಿನಿಬ್ ಇರುವವರಿಗೆ ಭೇದಿಯಾದರೆ ಯಾವುದರಿಂದ ಎಂಬ ಪ್ರಶ್ನೆ ಬರುತ್ತದೆ. ಆಕ್ಸಿಟಿನಿಬ್ ಕೆಲವೇ ಗಂಟೆಗಳಲ್ಲಿ ದೇಹದಿಂದ ಇಳಿದುಹೋಗುತ್ತದೆ. ಡಾಕ್ಟರು ಮೊದಲು ಅದನ್ನು ನಿಲ್ಲಿಸಿಸುತ್ತಾರೆ. ಎರಡು ಮೂರು ದಿನದಲ್ಲಿ ಕಡಿಮೆಯಾದರೆ ಮಾತ್ರೆಯದು, ಆಗದಿದ್ದರೆ ಇಮ್ಯುನೊಥೆರಪಿಯದು.

ನೆಫ್ರಾನ್:

ತಡೆಯುವ ವಿಷಯ ಇನ್ನೂ ಯಾರೂ ಮುಟ್ಟಿಲ್ಲ. ಕೈಯಲ್ಲಿರುವ ಕಾರಣಗಳು ಮುಖ್ಯವಾಗಿ ಮೂರು, ಮೂರೂ ನಿಮ್ಮ ಅಣ್ಣನಲ್ಲಿವೆ: ಹೊಗೆ, ತೂಕ, ಬಿಪಿ. ಬಿಎಂಐ 5 ಅಂಕ ಏರಿದಂತೆಲ್ಲ ಅಪಾಯ ಗಂಡಸರಲ್ಲಿ ಸುಮಾರು 24%, ಹೆಂಗಸರಲ್ಲಿ ಸುಮಾರು 34% ಹೆಚ್ಚುತ್ತದೆ. ಅಣ್ಣನ ಬಿಎಂಐ 31. ಸಿಗರೇಟು ಬಿಟ್ಟರೆ ಅಪಾಯ ಇಳಿಯುತ್ತದೆ, ಆದರೆ ಇಳಿಯಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ತಡ ಮಾಡಬಾರದೆನ್ನುವುದು ಅದಕ್ಕೇ. ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ದ್ರಾವಕದ ಜೊತೆ ಕೆಲಸ ಮಾಡುವವರಿಗೂ ಅಪಾಯವಿದೆ. ವರ್ಷಗಟ್ಟಲೆ ಡಯಾಲಿಸಿಸ್ ಮೇಲಿರುವವರ ಒಣಗಿದ ಕಿಡ್ನಿಯಲ್ಲಿ ನೀರುಗುಳ್ಳೆಗಳಾಗಿ ಅದರಲ್ಲೂ ಕ್ಯಾನ್ಸರ್ ಹುಟ್ಟಬಹುದು.

ಗಿಡಮೂಲಿಕೆ ಎಂದರೆ ಅಪಾಯವಿಲ್ಲ ಎಂಬ ನಂಬಿಕೆ ಬಿಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಅರಿಸ್ಟೊಲೋಕಿಯಾ ಬಳ್ಳಿ ಸೇರಿಕೊಂಡು ಹಲವು ಹೆಂಗಸರ ಕಿಡ್ನಿ ಹಾಳಾಯಿತು. ಆಮೇಲೆ ಅವರಲ್ಲಿ ಅನೇಕರಿಗೆ ಮೂತ್ರನಾಳದ ಒಳಪದರದ ಕ್ಯಾನ್ಸರ್ ಬಂತು. ಲೀಟರುಗಟ್ಟಲೆ ನೀರು ಕುಡಿದರೆ ಕಿಡ್ನಿ ಕ್ಯಾನ್ಸರ್ ಬರುವುದಿಲ್ಲ ಎಂಬುದಕ್ಕೂ ಆಧಾರವಿಲ್ಲ.

ಒಡಹುಟ್ಟಿದವರಿಗೆ ಇದ್ದರೆ ಅಪಾಯ ಸುಮಾರು ಎರಡು ಪಟ್ಟು. ಹಾಗಿದ್ದರೂ ಮೂಲ ಅಪಾಯವೇ ಚಿಕ್ಕದಾದ್ದರಿಂದ ನಿಮಗೂ ತಮ್ಮನಿಗೂ ಒಮ್ಮೆ ಅಲ್ಟ್ರಾಸೌಂಡ್ ಸಾಕು, ಪ್ರತಿ ವರ್ಷ ಬೇಡ. ಬಿಪಿ ನೋಡಿಸುವುದು ಅದಕ್ಕಿಂತ ಮುಖ್ಯ. 46 ಅಥವಾ ಅದಕ್ಕೂ ಕಡಿಮೆ ವಯಸ್ಸಿಗೆ ಬಂದಿದ್ದರೆ, ಎರಡೂ ಕಿಡ್ನಿಯಲ್ಲಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ, ಮುಖದಲ್ಲಿ ಬಿಳಿ ಗುಳ್ಳೆಗಳ ಜೊತೆ ಶ್ವಾಸಕೋಶ ಒಡೆದ ಇತಿಹಾಸವಿದ್ದರೆ, ಚಿಕ್ಕ ವಯಸ್ಸಿಗೇ ಗರ್ಭಕೋಶದ ಗಡ್ಡೆಗಳಾಗಿದ್ದರೆ, ಜೀನ್ ಪರೀಕ್ಷೆ ಮಾಡಿಸಬೇಕು. ವಿಎಚ್‌ಎಲ್ ಜೀನ್ ದೋಷ ವಂಶದಲ್ಲೇ ಇರುವ ಕುಟುಂಬಗಳಲ್ಲಿ ಗಡ್ಡೆ 3 ಸೆಂ.ಮೀ. ಆಗುವವರೆಗೆ ಕಾಯುತ್ತಾರೆ, ಪದೇ ಪದೇ ಕತ್ತರಿಸಿದರೆ ಕಿಡ್ನಿಯೇ ಉಳಿಯುವುದಿಲ್ಲ. ಎಫ್‌ಎಚ್ ಜೀನ್ ಕೆಟ್ಟವರಲ್ಲಿ ಮಾತ್ರ ಚಿಕ್ಕ ಗಡ್ಡೆಯನ್ನೂ ಕಾಯದೆ ತೆಗೆಯಬೇಕು, ಅದು ಬೇಗ ಹರಡುತ್ತದೆ.

ಆಪರೇಷನ್ನಿನ ಮೇಲೆ ಅಣ್ಣನ ಬಿಪಿ 130/80ರ ಒಳಗಿರಲಿ. ಕ್ರಿಯಾಟಿನಿನ್ ಜೊತೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನೂ ವರ್ಷಕ್ಕೊಮ್ಮೆ ನೋಡಿಸಿ. ಹಾನಿ ಮೊದಲು ಕಾಣುವುದು ಅದರಲ್ಲೇ. ಮಂಡಿನೋವು ಬೆನ್ನುನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ತಾವಾಗಿ ಕೊಂಡು ನುಂಗುವುದು ಇನ್ನು ಬೇಡ.

ನೀಲಿಬಾನು:

ಆಪರೇಷನ್ನಿಗೆ 5 ವಾರ ಇದೆ, ಸಿಗರೇಟು ನಿಂತಿದೆ. ಮನೆಗೆ ಬಂದ ಮೇಲೆ ಯಾವುದಕ್ಕೆ ಹೆದರಬೇಕು?

ಕತ್ತರಿ-ಸೂಜಿ:

ಆಸ್ಪತ್ರೆಯಲ್ಲಿರುವಾಗ ಡ್ರೈನ್ ಪೈಪಿನಲ್ಲಿ ದ್ರವ ಹೆಚ್ಚಾದರೆ ಅದರ ಕ್ರಿಯಾಟಿನಿನ್ ನೋಡಿದರಾ ಎಂದು ಕೇಳಿ. ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಇದ್ದರೆ ಅದು ಮೂತ್ರದ ಸೋರಿಕೆ. ಬಹಳಷ್ಟು ಸಲ ತಾನಾಗಿ ನಿಲ್ಲುತ್ತದೆ, ನಿಲ್ಲದಿದ್ದರೆ ಒಳಗೊಂದು ಸ್ಟೆಂಟ್ ಹಾಕುತ್ತಾರೆ.

ಮನೆಗೆ ಬಂದ ಮೇಲೆ ಒಂದರಿಂದ ಮೂರು ವಾರದ ನಡುವೆ, ಎಲ್ಲವೂ ಸರಿಹೋಯಿತು ಎನ್ನುವ ಹೊತ್ತಿಗೆ, ಹೊಲಿಗೆಯ ಜಾಗದ ಚಿಕ್ಕ ಅಪಧಮನಿ ಬಲೂನಿನಂತೆ ಉಬ್ಬಿ ಒಡೆಯಬಹುದು. ಅಪರೂಪ, ಆದರೆ ಜೀವಕ್ಕೆ ಕುತ್ತು. ಮೂತ್ರ ಇದ್ದಕ್ಕಿದ್ದಂತೆ ಕಡುಗೆಂಪಾಗುವುದು, ರಕ್ತದ ಹೆಪ್ಪು ಬೀಳುವುದು, ಪಕ್ಕೆಯಲ್ಲಿ ಹಠಾತ್ ನೋವು, ತಲೆ ಸುತ್ತುವುದು. ಇವುಗಳಲ್ಲಿ ಒಂದು ಕಂಡರೂ ನೀರು ಕುಡಿದು ನೋಡೋಣ ಎನ್ನದೆ ಆ್ಯಂಜಿಯೋಗ್ರಾಫಿ ಸೌಲಭ್ಯ ಇರುವ ಆಸ್ಪತ್ರೆಗೆ ಆ ರಾತ್ರಿಯೇ ಕರೆದುಕೊಂಡು ಹೋಗಿ. ತೊಡೆಯ ನಾಳದಿಂದ ತಂತಿ ಹಾಯಿಸಿ ಆ ಒಂದು ಕವಲನ್ನಷ್ಟೇ ಮುಚ್ಚುತ್ತಾರೆ, ಕಿಡ್ನಿ ಉಳಿಯುತ್ತದೆ. ಆ ಸೌಲಭ್ಯ ಎಲ್ಲಿದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯ ಮೇಲೇ ಬರೆಸಿಕೊಳ್ಳಿ. 6 ವಾರ 5 ಕೆ.ಜಿ.ಗಿಂತ ಹೆಚ್ಚಿನ ಭಾರ ಎತ್ತುವುದು ಬೇಡ.